ಸಣ್ಣ ಹೊಲದ ತೊಗರಿ: ತಳಿ ಆರಿಸುವುದರಿಂದ ಚೀಲ ಕಟ್ಟುವವರೆಗೆ

ನಮ್ಮದು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕು. ಆರು ಎಕರೆ ಎರೆ ಹೊಲ. ಅರ್ಧಕ್ಕೆ ತೊಗರಿ, ಉಳಿದರ್ಧಕ್ಕೆ ಜೋಳ, ಕಡಲೆ. ಮರುವರ್ಷ ಅದಲು ಬದಲು. ಬೋರ್‌ವೆಲ್ ಇಲ್ಲ. ಮಳೆ, ಜೊತೆಗೊಂದು ಕೃಷಿ ಹೊಂಡ, ಅಷ್ಟೇ.

ನಮ್ಮ ಜಿಲ್ಲೆಗೆ ತೊಗರಿ ಕಣಜ ಎನ್ನುವ ಹೆಸರಿದೆ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಜಿ.ಐ. ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಗುರುತು) ಕೂಡ ಸಿಕ್ಕಿತು. ಹೆಸರು ದೊಡ್ಡದು, ಇಳುವರಿ ಮಾತ್ರ ಸಣ್ಣದು. ದೇಶದ ಸರಾಸರಿ ತೆಗೆದರೆ ಎಕರೆಗೆ ಮೂರು, ಮೂರೂವರೆ ಕ್ವಿಂಟಲ್. ಅದೇ ಮಳೆಯಲ್ಲಿ, ಪಕ್ಕದ ಹೊಲದಲ್ಲೇ ಆರು-ಏಳು ಕ್ವಿಂಟಲ್ ರಾಶಿ ಮಾಡುವವರೂ ಇದ್ದಾರೆ. ನನ್ನ ಅನುಭವದಲ್ಲಿ ಈ ಅಂತರದ ಅರ್ಧ ಭಾಗ ಬಿತ್ತುವ ಮುಂಚೆಯೇ ತೀರ್ಮಾನ ಆಗಿಬಿಟ್ಟಿರುತ್ತದೆ. ಯಾವ ತಳಿ, ಅದು ನಮ್ಮ ಮಣ್ಣಿಗೆ ಆಗುತ್ತದಾ, ಬೀಜ ಬೆರಕೆ ಆಗಿದೆಯಾ. ಈ ಮೂರನ್ನು ಸರಿಯಾಗಿ ನೋಡಿಕೊಂಡವರಿಗೆ ಮುಂದಿನ ಖರ್ಚು ಕೈಹಿಡಿಯುತ್ತದೆ. ಅದಕ್ಕೇ ಬೀಜದ ಬಗ್ಗೆ ಇಲ್ಲಿ ಜಾಸ್ತಿ ಬರೆಯುತ್ತಿದ್ದೇನೆ.

ಗುಂಡಿ ತೋಡಿ ಮಣ್ಣಿನ ಆಳ ನೋಡಿ

ಬೇಸಿಗೆಯಲ್ಲಿ ಹೊಲದ ಎರಡು-ಮೂರು ಕಡೆ ಮೂರು ಅಡಿಗಿಂತ ಆಳದ ಗುಂಡಿ ತೋಡಿ. ಒಂದೂವರೆ, ಎರಡು ಅಡಿಗೇ ಗರಸು ಸಿಕ್ಕರೆ ಅದು ತೆಳು ಮಣ್ಣು. ಮೂರು ಅಡಿ ಕೆಳಗೂ ಕರಿ ಎರೆಯೇ ಇದ್ದರೆ ಆಳದ ಮಣ್ಣು.

ಇದು ಯಾಕೆ ಮುಖ್ಯ ಅಂದರೆ, ನಮ್ಮಲ್ಲಿ ಅಕ್ಟೋಬರ್‌ಗೆ ಮಳೆ ಮುಗಿಯುತ್ತದೆ. ಅಲ್ಲಿಂದ ಗಿಡ ಮಣ್ಣಿನೊಳಗಿನ ಹಸಿಯ ಮೇಲೆಯೇ ಬದುಕಬೇಕು. ತೆಳು ಮಣ್ಣಿನ ಹಸಿ ನವೆಂಬರ್‌ಗೆ ಆರಿಹೋಗುತ್ತದೆ. ಅಲ್ಲಿ ಆರು ತಿಂಗಳ ತಳಿ ಬಿತ್ತಿದರೆ ಹೂವೇನೋ ತುಂಬಾ ಬರುತ್ತದೆ, ಕಾಳು ಮಾತ್ರ ಜೊಳ್ಳು. ಅಂಥ ಕಡೆ ಟಿ.ಎಸ್.-3ಆರ್ ತರಹದ, ಐದು ತಿಂಗಳೊಳಗೆ ಕೈಗೆ ಬರುವ ತಳಿ ಒಳ್ಳೆಯದು. ಆಳದ ಎರೆ ಭೂಮಿಗೆ ಬಿ.ಎಸ್.ಎಂ.ಆರ್.-736, ಆಶಾ ತರಹದ ಆರು ತಿಂಗಳ ಆಸುಪಾಸಿನ ತಳಿ ಹಾಕಬಹುದು. ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಜಿ.ಆರ್.ಜಿ.-811 ಕೂಡ ಈ ಭಾಗದಲ್ಲಿ ಓಡುತ್ತಿದೆ. ಬೆಂಗಳೂರು, ತುಮಕೂರು ಕಡೆಯವರಿಗೆ ಬಿ.ಆರ್.ಜಿ. ತಳಿಗಳು ಬೇರೆಯೇ ಇವೆ. ನಮ್ಮ ತಳಿ ತೆಗೆದುಕೊಂಡು ಹೋಗಿ ಅಲ್ಲಿ ಬಿತ್ತಬೇಡಿ.

ಇಡೀ ಹೊಲಕ್ಕೆ ಒಂದೇ ತಳಿ ಹಾಕುವುದೂ ನನಗೆ ಇಷ್ಟವಿಲ್ಲ. ಮೂರು ಎಕರೆ ಇದ್ದರೂ ಎರಡು ತಳಿ ಇರಲಿ. ಮಳೆ ಒಂದಕ್ಕೆ ಕೈಕೊಟ್ಟರೂ ಇನ್ನೊಂದಕ್ಕೆ ಹಿಡಿಯುತ್ತದೆ.

ರೋಗ ಯಾವುದು ಅಂತ ಕಾಂಡ ಸೀಳಿ ನೋಡಿ

ಗಿಡ ನಿಂತಲ್ಲೇ ಒಣಗಿದರೆ ಸಾಕು, ನಮ್ಮಲ್ಲಿ ಎಲ್ಲರೂ ನೆಟೆ ಅನ್ನುತ್ತಾರೆ. 2022ರ ಮುಂಗಾರಿನ ತೊಗರಿ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಹೀಗೇ ಒಣಗಿ, ಸರ್ಕಾರ ಪರಿಹಾರ ಕೊಡುವ ಮಟ್ಟಕ್ಕೆ ಹೋಯಿತು. ಆದರೆ ಒಣಗಿಸುವ ರೋಗಗಳು ಕನಿಷ್ಠ ಎರಡು. ಅವನ್ನು ಬೇರೆ ಮಾಡಿ ನೋಡದಿದ್ದರೆ ಮುಂದಿನ ವರ್ಷ ಬಿತ್ತುವ ತಳಿಯೇ ತಪ್ಪುತ್ತದೆ.

ಒಣಗುತ್ತಿರುವ ಗಿಡವನ್ನು ಬೇರು ಸಮೇತ ಕೀಳಿ. ಪೂರ್ತಿ ಒಣಗಿದ್ದು ಬೇಡ, ಇನ್ನೂ ಅರ್ಧ ಹಸಿರಿರಬೇಕು. ಬುಡದಿಂದ ಮೇಲಕ್ಕೆ ಕಾಂಡದ ಹೊರಗಡೆ ನೇರಳೆ ಬಣ್ಣದ ಪಟ್ಟಿ ಹತ್ತಿದೆಯಾ ನೋಡಿ. ಆಮೇಲೆ ಕುಡಗೋಲಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿ. ತೊಗಟೆ ಕೆಳಗೆ ಕಂದು, ಕಪ್ಪು ಗೆರೆ ಕಂಡರೆ ಅದು ಫ್ಯುಸೇರಿಯಂ ಶಿಲೀಂಧ್ರದ ಸೊರಗು ರೋಗ. ಗಿಡಕ್ಕೆ ನೀರು ಏರುವ ನಾಳಗಳನ್ನೇ ಅದು ಮುಚ್ಚಿಬಿಡುತ್ತದೆ. ಪಟ್ಟಿಯೂ ಇಲ್ಲ, ಗೆರೆಯೂ ಇಲ್ಲ, ಬೇರಿನ ಸಿಪ್ಪೆ ಬಿಚ್ಚಿಕೊಂಡು ಬರುತ್ತದೆ, ಬೇರು ಪಟ್ ಅಂತ ಮುರಿಯುತ್ತದೆ ಅಂದರೆ ಒಣ ಬೇರು ಕೊಳೆ. ಮಳೆ ಬಿಡುವು ಕೊಟ್ಟು, ಬಿಸಿಲು ಏರಿದಾಗ ಇದು ಜೋರು. ಸೊರಗು ತಡೆಯುವ ತಳಿ ಇದನ್ನೂ ತಡೆಯುತ್ತದೆ ಅಂತ ನಂಬಿ ಕೂರಬೇಡಿ.

ಮೂರನೆಯದು ಗೊಡ್ಡು ರೋಗ. ಗಿಡ ಸಾಯುವುದಿಲ್ಲ. ಎಲೆ ಸಣ್ಣದಾಗಿ, ತಿಳಿ ಹಸಿರಾಗಿ, ಪೊದೆಯ ಹಾಗೆ ಬೆಳೆಯುತ್ತಲೇ ಇರುತ್ತದೆ, ಹೂವೇ ಬಿಡುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಇದರ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಕಂಡ ತಕ್ಷಣ ಕಿತ್ತು ಹೂಳಿ. ಕಳೆದ ವರ್ಷದ ಕೂಳೆ ಚಿಗುರಿ ಬದುವಿನಲ್ಲಿ ನಿಂತಿದ್ದರೆ ಅದನ್ನು ಬಿತ್ತನೆಗೆ ಮುಂಚೆಯೇ ತೆಗೆಯಿರಿ, ನುಸಿ ಬೇಸಿಗೆ ಕಳೆಯುವುದು ಅದರಲ್ಲೇ. ಆಶಾ ಮತ್ತು ಬಿ.ಎಸ್.ಎಂ.ಆರ್.-736 ಸೊರಗು, ಗೊಡ್ಡು ಎರಡನ್ನೂ ತಡೆದುಕೊಳ್ಳುತ್ತವೆ.

ಹೊಲದ ಕೆಟ್ಟ ಜಾಗದಲ್ಲೇ ಹೊಸ ತಳಿ ಪರೀಕ್ಷೆ ಮಾಡಿ

ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಇದು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಶುರುವಾಯಿತು. ಅಲ್ಲಿನವರು ಸೊರಗು ರೋಗ ತುಂಬಿದ ಹೊಲವನ್ನು ಬೇಕಂತಲೇ ಇಟ್ಟುಕೊಂಡು, ಅದರಲ್ಲಿ ಊರೂರಿನ ತೊಗರಿ ಬಿತ್ತಿ, ಉಳಿದ ಗಿಡಗಳನ್ನು ಆರಿಸಿದರು. ಮಹಾರಾಷ್ಟ್ರದಿಂದ ಬಂದ ಒಂದು ನಾಟಿ ತೊಗರಿಯಿಂದ ಹೀಗೆ ಆರಿಸಿ ತೆಗೆದದ್ದೇ ಐ.ಸಿ.ಪಿ. 8863. ಅದು 1986ರಲ್ಲಿ ಕರ್ನಾಟಕದಲ್ಲಿ ಮಾರುತಿ ಅಂತ ಬಿಡುಗಡೆ ಆಯಿತು. ಮಾರುತಿ ಬಂದ ಮೇಲೆಯೇ ನಮ್ಮ ಕಡೆ ತೊಗರಿ ಮೇಲೆ ಧೈರ್ಯ ಬಂತು ಅಂತ ಅಪ್ಪ ಈಗಲೂ ಹೇಳುತ್ತಾರೆ.

ಅವರು ಮಾಡಿದ್ದನ್ನು ನಾವೂ ಸಣ್ಣದಾಗಿ ಮಾಡಬಹುದು. ಪ್ರತಿ ಹೊಲದಲ್ಲೂ ರೋಗ ಮೊದಲು ಕಾಣುವ ಒಂದು ಜಾಗ ಇರುತ್ತದೆ. ನಮ್ಮಲ್ಲಿ ಅದು ಹಳ್ಳದ ದಂಡೆಯ ಮೂಲೆ. ಹೊಸ ತಳಿಯ ಅರ್ಧ ಕಿಲೋ ಬೀಜ ತಂದು ಮೊದಲ ವರ್ಷ ಅಲ್ಲೇ ನಾಲ್ಕು ಸಾಲು ಬಿತ್ತಿ. ಅದರ ಎರಡೂ ಪಕ್ಕ ರೋಗಕ್ಕೆ ಬೇಗ ಬೀಳುವ ಹಳೆ ಬೀಜದ ಒಂದೊಂದು ಸಾಲು ಇರಲಿ. ಆ ಹಳೆ ಸಾಲು ಸಾಯದಿದ್ದರೆ ಆ ವರ್ಷ ಅಲ್ಲಿ ರೋಗವೇ ಬಂದಿಲ್ಲ ಅಂತ ಅರ್ಥ, ಹೊಸ ತಳಿ ಪಾಸಾಯಿತು ಅಂತ ಅಲ್ಲ. ಬಿತ್ತಿ ಒಂದು ತಿಂಗಳಿಗೆ, ಹೂವಿನಲ್ಲಿ, ಕಾಯಿ ಬಲಿತಾಗ ಗಿಡ ಎಣಿಸಿ ನೋಟ್‌ಬುಕ್‌ನಲ್ಲಿ ಬರೆಯಿರಿ. ಹಳೆ ಸಾಲು ಸತ್ತು, ಹೊಸ ಸಾಲು ನಿಂತರೆ ಮುಂದಿನ ವರ್ಷ ಅರ್ಧ ಎಕರೆಗೆ ಏರಿಸಿ.

ಬೀಜಕ್ಕೆ ಎಲ್ಲಿಗೆ ಹೋಗಬೇಕು? ರಾಯಚೂರು ಕೃಷಿ ವಿಶ್ವವಿದ್ಯಾಲಯದ ಬೀಜ ಘಟಕ, ಕಲಬುರಗಿ ಸಂಶೋಧನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ, ರೈತ ಸಂಪರ್ಕ ಕೇಂದ್ರ. ಮೇ ತಿಂಗಳಲ್ಲೇ ಹೋಗಿ. ಬೇಳೆಕಾಳಿನ ಮಿನಿ ಕಿಟ್ (ಸಣ್ಣ ಬೀಜದ ಪೊಟ್ಟಣ) ಬಂದಿದೆಯಾ ಅಂತ ಬಾಯಿಬಿಟ್ಟು ಕೇಳಿ, ಕೇಳದವರಿಗೆ ಸಿಗುವುದು ಕಡಿಮೆ.

ಬೀಜ ಬೆರಕೆ ಆಗದಂತೆ ಕಾಯುವುದು

ಕಡಲೆ, ಹೆಸರು ತಮ್ಮಲ್ಲೇ ಪರಾಗ ಕಟ್ಟಿಕೊಳ್ಳುತ್ತವೆ. ತೊಗರಿ ಹಾಗಲ್ಲ. ಜೇನುನೊಣ ಒಂದು ಹೊಲದ ಪರಾಗವನ್ನು ಇನ್ನೊಂದು ಹೊಲಕ್ಕೆ ಒಯ್ಯುತ್ತದೆ. ನಿಮ್ಮದು ರೋಗ ತಡೆಯುವ ತಳಿ, ಪಕ್ಕದವರದು ಹಳೆ ಬೀಜ ಆದರೆ, ನೀವು ರಾಶಿಯಿಂದ ತೆಗೆದಿಟ್ಟ ಬೀಜದಲ್ಲಿ ಅದರ ಪಾಲೂ ಸೇರಿರುತ್ತದೆ. ನಾಲ್ಕಾರು ವರ್ಷಕ್ಕೆ ಚೀಲದ ಮೇಲೆ ಹೆಸರು ಮಾತ್ರ ಉಳಿಯುತ್ತದೆ. ತಳಿ ಕೆಟ್ಟಿತು ಅಂತ ಜನ ಬೈಯುವುದು ಎಷ್ಟೋ ಸಲ ಇದಕ್ಕೇ.

ಪ್ರಮಾಣಿತ ಬೀಜ ಬೆಳೆಯುವವರು ಬೇರೆ ತೊಗರಿಯಿಂದ ಕನಿಷ್ಠ 100 ಮೀಟರ್ ದೂರ ಇಡುತ್ತಾರೆ. ಮೂರು ಎಕರೆಯವರಿಗೆ ಅದೆಲ್ಲಿ ಸಾಧ್ಯ? ನಾವು ಮಾಡುವುದು ಸೊಳ್ಳೆ ಪರದೆ. ಹೊಲದ ನಡುವೆ ಒಳ್ಳೆಯ ಗಿಡಗಳಿರುವ ಜಾಗ ನೋಡಿ, ಮೊಗ್ಗು ಬಿರಿಯುವ ಮುಂಚೆ ನಾಲ್ಕು ಗೂಟ ನೆಟ್ಟು ಹಳೆ ಪರದೆ ಹೊದಿಸುತ್ತೇವೆ. ಅದಕ್ಕೂ ಮೊದಲು ಒಳಗಿನ ಗಿಡಗಳಲ್ಲಿ ಹುಳು ಇದೆಯಾ ಅಂತ ಒಂದೊಂದೇ ರೆಂಬೆ ನೋಡಬೇಕು. ಪರದೆ ಒಳಗೆ ಸಿಕ್ಕಿಕೊಂಡ ಹುಳುವನ್ನು ತಿನ್ನಲು ಹಕ್ಕಿ ಬರುವುದಿಲ್ಲ. ಜೇನು ಇಲ್ಲದಿದ್ದರೂ ತೊಗರಿ ತನ್ನ ಹೂವಿನಲ್ಲೇ ಕಾಯಿ ಕಟ್ಟುತ್ತದೆ. ಕಾಯಿ ಬಿಟ್ಟ ಮೇಲೆ ಪರದೆ ತೆಗೆದು, ಆ ಕಾಯಿಗಳಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ. ಈ ಶುದ್ಧ ಬೀಜವನ್ನು ಮುಂದಿನ ವರ್ಷ ಹೊಲದ ನಡುಭಾಗದಲ್ಲಿ ಬಿತ್ತಿ ಹೆಚ್ಚಿಸಿಕೊಳ್ಳಿ. ಅಂಚಿನ ಸಾಲುಗಳ ಕಾಳನ್ನು ಬೀಜಕ್ಕೆ ತೆಗೆಯಬೇಡಿ, ಮಾರಿಬಿಡಿ.

ಹೂವಿನ ಹೊತ್ತಿಗೆ ಒಮ್ಮೆ ಹೊಲ ಸುತ್ತಿ, ಬೇರೆ ಬಣ್ಣದ ಹೂವು, ಬೇರೆ ಎತ್ತರ ಕಂಡ ಗಿಡಗಳನ್ನು ಕೀಳುವುದೂ ಬೇಕು. ಇಷ್ಟು ಮಾಡಲು ಪುರುಸೊತ್ತಿಲ್ಲದವರು ಮೂರು ವರ್ಷಕ್ಕೊಮ್ಮೆ ಪ್ರಮಾಣಿತ ಬೀಜ ಕೊಂಡುಕೊಳ್ಳಲಿ. ಹೈಬ್ರಿಡ್ ತೊಗರಿ ಬಿತ್ತಿದ್ದರೆ ಅದರ ಕಾಳನ್ನು ಬೀಜಕ್ಕೆ ಇಡುವ ಹಾಗೇ ಇಲ್ಲ, ಮರುವರ್ಷ ಗಿಡ ಒಂದೊಂದು ಒಂದೊಂದು ಥರ ಬರುತ್ತದೆ.

ಬಿತ್ತನೆ

ಮನೆ ಬೀಜ ಆದರೆ ನೂರು ಕಾಳು ಎಣಿಸಿ ಹಸಿ ಗೋಣಿಚೀಲದಲ್ಲಿ ಸುತ್ತಿಡಿ. 75ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬೇಡ.

ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ), ಎಕರೆ ಬೀಜಕ್ಕೆ 200 ಗ್ರಾಂ ರೈಜೋಬಿಯಂ (ಬೇರಿನ ಗಂಟು ಕಟ್ಟುವ ಜೀವಾಣು), ಅಷ್ಟೇ ರಂಜಕ ಕರಗಿಸುವ ಜೀವಾಣು. ಬೆಲ್ಲದ ಪಾಕ ಹಚ್ಚಿ ಕಲಸಿ, ನೆರಳಲ್ಲಿ ಆರಿಸಿ, ಅಂದೇ ಬಿತ್ತಿ. ರೋಗದ ಹೊಲ ಆಗಿದ್ದರೆ ಇಷ್ಟು ಸಾಲದು. ಎರಡು ಕಿಲೋ ಟ್ರೈಕೋಡರ್ಮಾವನ್ನು ಒಂದು ಕ್ವಿಂಟಲ್ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ಗೋಣಿ ಮುಚ್ಚಿ ನೆರಳಲ್ಲಿ ಎರಡು ವಾರ ಬಿಡಿ. ಗೊಬ್ಬರದ ಮೇಲೆ ಹಸಿರು ಬೂಜು ಹಬ್ಬಿದ ಮೇಲೆ ಹೊಲಕ್ಕೆ ಚೆಲ್ಲಿ. ಜೊತೆಗೆ ಜೋಳದೊಂದಿಗೆ ಬೆಳೆ ಸರದಿ ಮಾಡಿ, ಇಲ್ಲವೇ ಸಾಲು ಬಿಟ್ಟು ಸಾಲು ಜೋಳ ಹಾಕಿ. ಸೊರಗು ರೋಗದ ಶಿಲೀಂಧ್ರ ಕೂಳೆಯಲ್ಲಿ, ಮಣ್ಣಿನಲ್ಲಿ ಮೂರು ವರ್ಷದವರೆಗೂ ಜೀವ ಹಿಡಿದಿರುತ್ತದೆ. ಜೋಳ ಇದ್ದಲ್ಲಿ ಅದರ ಜೋರು ಇಳಿಯುತ್ತದೆ.

ಸಾಲಿಂದ ಸಾಲಿಗೆ ಮೂರು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ ಇಟ್ಟರೆ ಎಕರೆಗೆ ಸುಮಾರು 14,500 ಗಿಡ. ಗಿಡಕ್ಕೆ 50 ಗ್ರಾಂ ಕಾಳು ಬಂದರೂ ಏಳು ಕ್ವಿಂಟಲ್ ದಾಟುತ್ತದೆ. ಈ ಲೆಕ್ಕ ತಲೆಯಲ್ಲಿಟ್ಟುಕೊಂಡರೆ ಕೂರಿಗೆಯಲ್ಲಿ ಬೀಜ ಸುಮ್ನೆ ಸುರಿಯುವ ಅಭ್ಯಾಸ ಬಿಟ್ಟುಹೋಗುತ್ತದೆ. ಎಕರೆಗೆ 4-5 ಕಿಲೋ ಸಾಕು. ಮೂರು ವಾರಕ್ಕೆ ಒತ್ತಾದ ಸಸಿ ಕಿತ್ತುಹಾಕಿ. ಹೆಣ್ಣುಮಕ್ಕಳಿಗೆ ಹಸಿರು ಸಸಿ ಕೀಳಲು ಮನಸ್ಸು ಬರುವುದಿಲ್ಲ, ನಮ್ಮವ್ವನೂ ಹಾಗೇ. ಆದರೂ ಕೀಳಲೇಬೇಕು.

ಎಕರೆಗೆ ಒಂದು ಚೀಲ ಡಿ.ಎ.ಪಿ. ಕೊಟ್ಟರೆ ಸಾರಜನಕ, ರಂಜಕ ಹೆಚ್ಚುಕಮ್ಮಿ ಶಿಫಾರಸಿನಷ್ಟು ಸಿಗುತ್ತದೆ. ಯೂರಿಯಾ ಮೇಲುಗೊಬ್ಬರ ಬೇಡವೇ ಬೇಡ, ಬೇರಿನ ಗಂಟುಗಳೇ ಸಾರಜನಕ ಕೊಡುತ್ತವೆ. ಜಿಪ್ಸಂ ಮತ್ತು 6 ಕಿಲೋ ಸತುವಿನ ಸಲ್ಫೇಟ್ ಮಾತ್ರ ಬಿಡಬೇಡಿ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ರಾಜ್ಯದ ಒಣ ಹೊಲಗಳ ಮಣ್ಣು ಪರೀಕ್ಷೆ ಮಾಡಿದಾಗ ಗಂಧಕ, ಸತು, ಬೋರಾನ್ ಕೊರತೆಯೇ ಎದ್ದು ಕಂಡಿತ್ತು.

ಇನ್ನು ನೀರು. ತೊಗರಿಗೆ ಬರಗಾಲಕ್ಕಿಂತ ಬುಡದಲ್ಲಿ ನಿಂತ ನೀರಿನ ಭಯ ಜಾಸ್ತಿ. ನಾಲ್ಕು ಸಾಲಿಗೊಂದು ಬೋದು ಹರಿ, ಅಂದರೆ ಆಳದ ಖಾಲಿ ಸಾಲು, ಬಿಡಿ. ಜೋರು ಮಳೆಯಲ್ಲಿ ಹೊರಗೆ ಹರಿಯುತ್ತದೆ, ಸಣ್ಣ ಮಳೆಯಲ್ಲಿ ಅಲ್ಲೇ ಇಂಗುತ್ತದೆ.

ಬೀದರ್ ಕಡೆ ನಾಟಿ ಪದ್ಧತಿ ಚೆನ್ನಾಗಿ ಹಿಡಿದಿದೆ. ಮೇ ತಿಂಗಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸಸಿ ಎಬ್ಬಿಸಿ, ತಿಂಗಳ ಸಸಿಯನ್ನು ಮೊದಲ ಒಳ್ಳೆ ಮಳೆಗೆ ಅಗಲ ಸಾಲಿನಲ್ಲಿ ನೆಡುತ್ತಾರೆ. ಮಳೆ ತಡವಾದರೂ ಬೆಳೆ ಒಂದು ತಿಂಗಳು ಮುಂದೆ ಇರುತ್ತದೆ. ಕೂಲಿ ಖರ್ಚಿದೆ. ನೀರಿನ ಅನುಕೂಲ, ಮನೆಯಲ್ಲಿ ಆಳು ಇದ್ದವರಿಗೆ ಅರ್ಧ ಎಕರೆ, ಒಂದು ಎಕರೆಗೆ ಸರಿ.

ಕುಡಿ ಚಿವುಟುವುದು

ಬಿತ್ತಿ 45-50 ದಿನಕ್ಕೆ ನೆತ್ತಿಯ ಕುಡಿ ಎರಡು ಇಂಚು ಚಿವುಟಿ. ಮೇಲಕ್ಕೆ ಹೋಗುವ ಗಿಡ ಪಕ್ಕಕ್ಕೆ ರೆಂಬೆ ಒಡೆಯುತ್ತದೆ. ರೆಂಬೆ ಹೆಚ್ಚಾದರೆ ಕಾಯಿ ಹೆಚ್ಚು. ಕೈಯಲ್ಲಿ ಮಾಡಿದರೆ ಎಕರೆಗೆ ನಾಲ್ಕಾರು ಆಳು ಬೇಕು. ಈಗ ಬ್ಯಾಟರಿ, ಸೋಲಾರ್ ಮಶಿನ್ ಬಂದಿವೆ, ಬಾಡಿಗೆಗೂ ಸಿಗುತ್ತವೆ. ಮಣ್ಣಲ್ಲಿ ಹಸಿ ಇರುವಾಗ ಮಾತ್ರ ಮಾಡಿ. ಮೊಗ್ಗು ಕಂಡ ಮೇಲೆ ಕುಡಿಗೆ ಕೈ ಹಾಕಬೇಡಿ. ಮೊದಲ ಎರಡು ತಿಂಗಳು ತೊಗರಿ ನಿಧಾನಕ್ಕೆ ಬೆಳೆಯುತ್ತದೆ, ಆದ್ದರಿಂದ ಎಡೆ ಹೊಡೆಯುವುದನ್ನು, ಕಳೆ ತೆಗೆಯುವುದನ್ನು ಅಷ್ಟರೊಳಗೆ ಮುಗಿಸಿ.

ಹೂವಿನಿಂದ ಕಾಯಿವರೆಗೆ

ಹೊಲ ಅರ್ಧ ಹೂವಾದಾಗ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶದ ಮಿಶ್ರಣ ಸಿಂಪಡಿಸುತ್ತೇನೆ. ಎಕರೆಗೆ 2 ಕಿಲೋ, 200 ಲೀಟರ್ ನೀರಿಗೆ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಹೂವು ಉದುರುವುದು ಕಣ್ಣಿಗೆ ಕಾಣುವಷ್ಟು ಕಡಿಮೆ ಆಗುತ್ತದೆ. ಹೊಂಡದ ನೀರಿದ್ದರೆ ಮೊಗ್ಗಿನಲ್ಲಿ ಒಂದು, ಕಾಳು ತುಂಬುವಾಗ ಒಂದು, ಹೀಗೆ ಎರಡು ತೆಳು ನೀರು ಕೊಡಿ. ತೆಳು ಮಣ್ಣಿನವರಿಗೆ ಇದು ಜೀವ ನೀರು.

ಕಾಯಿಕೊರಕದ ವಿಷಯಕ್ಕೆ ಬರೋಣ. ಮೊಗ್ಗು ಶುರುವಾದಾಗಲೇ ಎಕರೆಗೆ ಎರಡು ಮೋಹಕ ಬಲೆ ಕಟ್ಟಿ. ಬಲೆಗೆ ಬೀಳುವ ಗಂಡು ಪತಂಗ ಹೆಚ್ಚಾಯಿತು ಅಂದರೆ ಒಂದು ವಾರದೊಳಗೆ ಮೊಟ್ಟೆ ಹುಡುಕಬೇಕು. ಬೆಳಗಿನ ಎಳೆ ಬಿಸಿಲಿನಲ್ಲಿ ರೆಂಬೆಯ ತುದಿ ಹಿಡಿದು ಮೊಗ್ಗು, ಎಳೆ ಹೂವು ನೋಡಿ. ಗಸಗಸೆಗಿಂತ ಸಣ್ಣ, ಬಿಳಿ ಹಳದಿ ಮೊಟ್ಟೆ ಒಂಟೊಂಟಿಯಾಗಿ ಅಂಟಿರುತ್ತದೆ. ಹೊಲದ ಐದಾರು ಕಡೆ ನೋಡಿ ಗಿಡಕ್ಕೆ ಎರಡು ಮೊಟ್ಟೆ ಅಥವಾ ಒಂದು ಮರಿ ಹುಳು ಸಿಕ್ಕರೆ ಔಷಧಿಯ ಹೊತ್ತು ಬಂತು. ಅದಕ್ಕಿಂತ ಮುಂಚೆ ಹೊಡೆದರೆ ದುಡ್ಡು ದಂಡ. ಹುಳು ತಲೆಯನ್ನು ಕಾಯೊಳಗೆ ತೂರಿಸಿ, ಹಿಂಭಾಗ ಹೊರಗೆ ಬಿಟ್ಟು ತಿನ್ನುವುದು ಕಂಡಿತು ಅಂದರೆ ತಡವಾಗಿದೆ.

ಮೊಟ್ಟೆ ಹಂತದಲ್ಲಿ ಶೇ. 5ರ ಬೇವಿನ ಬೀಜದ ಕಷಾಯ. ಹುಳು ಸಣ್ಣದಿದ್ದಾಗ ಎಚ್.ಎನ್.ಪಿ.ವಿ. (ಈ ಹುಳುವಿಗೆ ರೋಗ ತರುವ ನಂಜಾಣು), ಎಕರೆಗೆ 100 ಎಲ್.ಇ. (ನೂರು ರೋಗದ ಹುಳುವಿನಷ್ಟು), ಸ್ವಲ್ಪ ಬೆಲ್ಲ ಬೆರೆಸಿ, ಸಂಜೆ ಮಾತ್ರ. ಬಿಸಿಲಿಗೆ ಆ ನಂಜಾಣು ಸಾಯುತ್ತದೆ. ಇವಕ್ಕೆ ಬಗ್ಗದಿದ್ದರೆ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್.ಸಿ. ಎಕರೆಗೆ 60 ಮಿ.ಲೀ. ಮತ್ತೆ ಹೊಡೆಯುವ ಪ್ರಸಂಗ ಬಂದರೆ ಅದನ್ನೇ ಹೊಡೆಯಬೇಡಿ, ಎಮಾಮೆಕ್ಟಿನ್ ಬೆಂಜೊಯೇಟ್‌ಗೆ ಬದಲಿಸಿ. ಒಂದೇ ಔಷಧಿ ಕುಡಿದು ಕುಡಿದು ಈ ಹುಳು ಗಟ್ಟಿಯಾಗುತ್ತದೆ. ಅಂಗಡಿಯವರು ಎರಡು-ಮೂರು ಬಾಟಲಿ ಸೇರಿಸಿ ಕೊಟ್ಟರೆ ಬೇಡ ಅನ್ನಿ. ಅನುಮಾನ ಬಂದರೆ ಕಿಸಾನ್ ಕಾಲ್ ಸೆಂಟರ್‌ಗೆ, 1800-180-1551, ಕನ್ನಡದಲ್ಲೇ ಮಾತಾಡಿ ಕೇಳಬಹುದು.

ಕಲಬುರಗಿ ರೈತರ ಹಳೆಯ ಉಪಾಯ ಇನ್ನೂ ಒಂದಿದೆ, ಗಿಡ ಅಲ್ಲಾಡಿಸುವುದು. ಸಾಲಿನ ನಡುವೆ ತಾಡಪತ್ರಿ ಎಳೆದುಕೊಂಡು ಹೋಗಿ, ಗಿಡ ಬಗ್ಗಿಸಿ ಮೆಲ್ಲಗೆ ಅಲ್ಲಾಡಿಸಿದರೆ ದೊಡ್ಡ ಹುಳುಗಳು ಪಟಪಟ ಉದುರುತ್ತವೆ. ಕೋಳಿಗೆ ಹಾಕಿ. ಔಷಧಿಗೆ ಜಗ್ಗದ ದೊಡ್ಡ ಹುಳುವಿಗೆ ಒಂದೆರಡು ಎಕರೆಯವರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಬಿತ್ತುವಾಗ ಬೀಜದೊಂದಿಗೆ ಒಂದು ಹಿಡಿ ಜೋಳ ಬೆರೆಸಿದ್ದರೆ ಅದರ ಮೇಲೆ ಕೂರುವ ಹಕ್ಕಿಗಳೂ ಪಾಲಿಗೆ ಬರುತ್ತವೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹೂವಿನ ಹೊತ್ತಿಗೆ ತೊಗರಿ ಆಳೆತ್ತರ ಇರುತ್ತದೆ. ಪಂಪ್ ಹೊತ್ತು ನಡೆಯುವವನ ಮುಖಕ್ಕೇ ಔಷಧಿ ಬೀಳುತ್ತದೆ. ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ ಇಲ್ಲದೆ ಯಾರನ್ನೂ ಹೊಲಕ್ಕೆ ಇಳಿಸಬೇಡಿ. ಡ್ರೋನ್ ಬಾಡಿಗೆಗೆ ಸಿಗುವ ಊರಲ್ಲಿ ನಾಲ್ಕು ಮನೆಯವರು ಸೇರಿ ಕರೆಸಿ. ತೊಗರಿಯಂಥ ಎತ್ತರದ ಬೆಳೆಗೆ ಡ್ರೋನ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಲ್ಯಾಬಿನಲ್ಲಿ ನಡೆಯುತ್ತಿರುವುದು ನಮಗೆ ಯಾಕೆ ಬೇಕು

ಇಕ್ರಿಸ್ಯಾಟ್‌ನವರು ಮತ್ತು ಅವರ ಜೊತೆಗಾರರು ಆಶಾ ತಳಿಯ ಜೀನೋಮ್ (ಗುಣಗಳನ್ನು ಹೊತ್ತ ವಂಶವಾಹಿಗಳ ಪಟ್ಟಿ) ಓದಿ 2011ರ ಕೊನೆಗೆ ಪ್ರಕಟಿಸಿದರು. ಯಾವ ಗುಣ ಎಲ್ಲಿದೆ ಅಂತ ಗೊತ್ತಾದರೆ ಸಸಿ ಹಂತದಲ್ಲೇ ಎಲೆ ಪರೀಕ್ಷೆ ಮಾಡಿ ಗಿಡ ಆರಿಸಬಹುದು. ತೊಗರಿ ವರ್ಷಕ್ಕೊಂದೇ ಬೆಳೆ ಆದ್ದರಿಂದ ಹೊಸ ತಳಿಗೆ ಹತ್ತು ವರ್ಷದ ಮೇಲೇ ಹಿಡಿಯುತ್ತಿತ್ತು. ಬೆಳಕು, ಬಿಸಿ ಹತೋಟಿಯಲ್ಲಿಟ್ಟು ವರ್ಷಕ್ಕೆ ಎರಡರಿಂದ ನಾಲ್ಕು ಪೀಳಿಗೆ ತೆಗೆಯುವ ವಿಧಾನವನ್ನು 2024ರಲ್ಲಿ ಅವರು ತಿಳಿಸಿದರು. 2025ರಲ್ಲಿ ಬೇಸಿಗೆಯ 45 ಡಿಗ್ರಿ ಬಿಸಿಯಲ್ಲೂ ಬೆಳೆಯುವ, ನಾಲ್ಕು ತಿಂಗಳ ಆಸುಪಾಸಿನ ಐ.ಸಿ.ಪಿ.ವಿ. 25444 ಬಗ್ಗೆ ಹೇಳಿದರು. ಕರ್ನಾಟಕದಲ್ಲೂ ಅದರ ಪ್ರಯೋಗ ನಡೆದಿದೆ.

ಇವು ನಮ್ಮ ಹೊಲಕ್ಕೆ ಬರುವಾಗ ಕಾಗದದ ಮೇಲಿನ ಇಳುವರಿ ನೋಡಿ ಇಡೀ ಹೊಲ ಕೊಡಬೇಡಿ. ಮೇಲೆ ಹೇಳಿದ ಕೆಟ್ಟ ಮೂಲೆಯ ನಾಲ್ಕು ಸಾಲು ಅವಕ್ಕೂ ಅನ್ವಯ.

ರಾಶಿ, ಸಂಗ್ರಹ

ನೂರರಲ್ಲಿ ಎಂಬತ್ತು ಕಾಯಿ ಕಂದು ಬಣ್ಣಕ್ಕೆ ತಿರುಗಿದರೆ ಕೊಯ್ಯಿರಿ. ಐದು ತಿಂಗಳ ತಳಿ ಎಳ್ಳಮವಾಸ್ಯೆಗೆ ಮುಂಚೆಯೇ ಕಟಾವಿಗೆ ಬರುತ್ತದೆ, ಉದ್ದನೆಯ ತಳಿ ಅದರ ನಂತರ. ಬೀಜದ ಗಿಡಗಳನ್ನು ಮೊದಲು ಕೊಯ್ದು, ಬೇರೆ ಕಡೆ ಕೋಲಿನಲ್ಲಿ ಬಡಿಯಿರಿ. ರಾಶಿ ಮಶಿನ್‌ಗೆ ಹಾಕಬೇಡಿ, ಹಿಂದಿನ ಹೊಲದ ಕಾಳು ಅದರೊಳಗೆ ಉಳಿದಿರುತ್ತದೆ, ಕಾಳೂ ಒಡೆಯುತ್ತದೆ.

ಹಲ್ಲಲ್ಲಿ ಕಡಿದರೆ ಕಟಕ್ ಅನ್ನುವವರೆಗೆ ಒಣಗಿಸಿ. ಬೆಂಬಲ ಬೆಲೆ ಖರೀದಿಯಲ್ಲಿ ತೇವಾಂಶ ಶೇ. 12 ದಾಟಿದರೆ ವಾಪಸ್ ಕಳಿಸುತ್ತಾರೆ. ಬೀಜಕ್ಕಾದರೆ ಶೇ. 9ಕ್ಕೆ ಇಳಿಯಬೇಕು. 2025-26ಕ್ಕೆ ತೊಗರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಇತ್ತು. ಫ್ರೂಟ್ಸ್ ಐ.ಡಿ.ಯಲ್ಲಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಬೆಳೆ ತೊಗರಿ ಅಂತಲೇ ದಾಖಲಾಗಿದೆಯಾ ಅಂತ ರಾಶಿಗೆ ಮುಂಚೆಯೇ ನೋಡಿಕೊಳ್ಳಿ.

ಕಾಳು ತೂತು ಮಾಡುವ ಹುಳು ಹೊಲದಿಂದಲೇ ಮೊಟ್ಟೆಯ ರೂಪದಲ್ಲಿ ಬರುತ್ತದೆ. ಬೀಜವನ್ನು ಗಾಳಿಯಾಡದ ಮೂರು ಪದರದ ಚೀಲದಲ್ಲಿ ತುಂಬಿ. ಒಳಗಿನ ಎರಡೂ ಪ್ಲಾಸ್ಟಿಕ್ ಪದರವನ್ನು ಬೇರೆ ಬೇರೆಯಾಗಿ ಗಾಳಿ ಹಿಂಡಿ ಕಟ್ಟಬೇಕು. ಉಸಿರಾಡಲು ಗಾಳಿ ಸಿಗದೆ ಹುಳು ಒಳಗೇ ಸಾಯುತ್ತದೆ. ತಳಿ ಹೆಸರು, ವರ್ಷ, ಪರದೆಯ ಬೀಜವೋ ಹೊಲದ ನಡುವಿನದೋ ಅಂತ ಒಂದು ಚೀಟಿ ಬರೆದು ಚೀಲದ ಒಳಗೊಂದು, ಹೊರಗೊಂದು ಇಡಿ. ಬಿತ್ತುವ ದಿನದವರೆಗೆ ಬಾಯಿ ಬಿಚ್ಚಬೇಡಿ. ಮೊಳಕೆ ಪರೀಕ್ಷೆಗೆ ಬೇಕಾದ ನೂರು ಕಾಳನ್ನು ಚೀಲ ಕಟ್ಟುವ ಮುಂಚೆಯೇ ಬೇರೆ ಡಬ್ಬಿಯಲ್ಲಿ ಎತ್ತಿಡಿ.